ಪೇಟೆಯ ಅಡಿಯಲ್ಲೊಂದು ನಿಲ್ದಾಣ

ಚಾಮರಾಜನಗರದಲ್ಲಿ ರೈಲುಹಳಿ ಕೊನೆಗೊಳ್ಳುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 35 ಕಿ.ಮೀ. ದೂರದ ಗುಂಡ್ಲುಪೇಟೆಗೆ ಹಳಿಯೇ ಇಲ್ಲ. ಈ ಎರಡು ಊರುಗಳಿಂದ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿ ಮೆಜೆಸ್ಟಿಕ್‌ನಲ್ಲಿ ನೆಲದೊಳಕ್ಕೆ ಇಳಿದು, ಹಸಿರು ಮಾರ್ಗದ ರೈಲು ಹಿಡಿದು, ಎರಡನೆಯ ನಿಲ್ದಾಣದಲ್ಲಿ ಇಳಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ಬರುತ್ತದೆ. ನಡುವೆ ಬರುವ ನಿಲ್ದಾಣ ಚಿಕ್ಕಪೇಟೆ. ಇಷ್ಟು ದೂರವನ್ನು ರೈಲು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಆದರೆ ಆ ನಿಮಿಷಗಳ ಹಿಂದೆ ಸುಮಾರು 200 ವರ್ಷಗಳ ತಾಂತ್ರಿಕ ಇತಿಹಾಸವಿದೆ, 300 ಕೋಟಿ ವರ್ಷಗಳ ಶಿಲೆಯ ಇತಿಹಾಸವಿದೆ, ಜೊತೆಗೆ ಗುಂಡ್ಲುಪೇಟೆಗೂ ಬೆಂಗಳೂರಿಗೂ ಇರುವ ಒಂದು ಹಳೆಯ ನಂಟೂ ಇದೆ. ಈ ಮೂರನ್ನೂ ಒಟ್ಟಿಗೆ ನೋಡುವುದು ಈ ಲೇಖನದ ಉದ್ದೇಶ. ಇದು ಕೇವಲ ನಗರದವರ ವಿಷಯವಲ್ಲ ಎಂಬುದು ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ಹೊಗೆ ತುಂಬಿದ ಆರಂಭ

ನೆಲದಡಿಯ ಮೊದಲ ಪ್ರಯಾಣಿಕರ ರೈಲು ಓಡಿದ್ದು ಲಂಡನ್ನಿನಲ್ಲಿ, 1863ರ ಜನವರಿ 10ರಂದು. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಸುಮಾರು 6 ಕಿ.ಮೀ. ದೂರದ ಈ ಮಾರ್ಗದ ಹೆಸರು ಮೆಟ್ರೊಪಾಲಿಟನ್ ರೈಲ್ವೆ. ಇಂದು ನಾವು ಬಳಸುವ 'ಮೆಟ್ರೊ' ಎಂಬ ಪದದ ಮೂಲ ಇಲ್ಲಿದೆ. ನೆನಪಿಡಿ, ಆಗ ಬೆಂಗಳೂರಿಗೆ ನೆಲದ ಮೇಲಿನ ರೈಲೂ ಬಂದಿರಲಿಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣಕ್ಕೆ ಮೊದಲ ರೈಲು ಬಂದದ್ದು 1864ರಲ್ಲಿ. ಮೈಸೂರಿಗೆ ರೈಲು 1880ರ ದಶಕದ ಆರಂಭದಲ್ಲಿ ತಲುಪಿತು. ಚಾಮರಾಜನಗರ ತಲುಪಲು 1920ರ ದಶಕದವರೆಗೆ ಕಾಯಬೇಕಾಯಿತು.

ಲಂಡನ್ನಿನವರು ಅನುಸರಿಸಿದ ವಿಧಾನ ಸರಳ. ರಸ್ತೆಯನ್ನು ಉದ್ದಕ್ಕೂ ಅಗೆದು ಕಂದಕ ಮಾಡುವುದು, ಒಳಗೆ ಇಟ್ಟಿಗೆಯ ಗೋಡೆ ಮತ್ತು ಕಮಾನು ಕಟ್ಟುವುದು, ಮತ್ತೆ ಮಣ್ಣು ಮುಚ್ಚಿ ರಸ್ತೆ ಮಾಡುವುದು. ಇದನ್ನು 'ಅಗೆದು ಮುಚ್ಚುವ ವಿಧಾನ' ಎನ್ನಬಹುದು. ಇದಕ್ಕೆ ಎರಡು ಮಿತಿಗಳಿವೆ. ಒಂದು, ಕೆಲಸ ಮುಗಿಯುವವರೆಗೆ ರಸ್ತೆಯೇ ಇರುವುದಿಲ್ಲ. ಎರಡು, ರಸ್ತೆ ಇಲ್ಲದ ಕಡೆ ಮನೆಗಳನ್ನು ಕೆಡವಬೇಕಾಗುತ್ತದೆ. ಲಂಡನ್ನಿನಲ್ಲಿ ಸಾವಿರಾರು ಬಡವರು ಹೀಗೆ ಮನೆ ಕಳೆದುಕೊಂಡರು. ಮೇಲಾಗಿ ಆ ರೈಲುಗಳನ್ನು ಎಳೆಯುತ್ತಿದ್ದುದು ಉಗಿಬಂಡಿ. ಹೊಗೆಯನ್ನು ಹೊರಬಿಡಲು ಅಲ್ಲಲ್ಲಿ ಸುರಂಗದ ಬಾಯಿ ತೆರೆದಿಡಬೇಕಾಗಿತ್ತು.

ಇನ್ನೂ ಆಳಕ್ಕೆ ಹೋಗಲು ಎರಡು ಸಾಧನಗಳು ಬೇಕಾಗಿದ್ದವು: ಮೇಲಿನ ನೆಲ ಕುಸಿಯದಂತೆ ಕೊರೆಯುವ ಉಪಕರಣ ಮತ್ತು ಹೊಗೆಯಿಲ್ಲದ ಎಂಜಿನ್.

ಹುಳು ಕಲಿಸಿದ ಪಾಠ

ಮೊದಲನೆಯದು ಆಗಲೇ ಹುಟ್ಟಿತ್ತು. ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರು 1818ರಲ್ಲಿ ಒಂದು ಸುರಂಗ ಗುರಾಣಿಗೆ ಪೇಟೆಂಟ್ ಪಡೆದಿದ್ದರು. ಹಡಗಿನ ಮರವನ್ನು ಕೊರೆಯುವ ಟೆರೆಡೊ ಎಂಬ ಜೀವಿ ಅವರಿಗೆ ಪ್ರೇರಣೆಯಾಗಿತ್ತು ಎನ್ನುತ್ತಾರೆ. ಹುಳುವೆಂದು ಕರೆದರೂ ಇದು ಚಿಪ್ಪಿನ ಜಾತಿಗೆ ಸೇರಿದ ಮೃದ್ವಂಗಿ. ತಲೆಯ ಗಟ್ಟಿ ಚಿಪ್ಪಿನಿಂದ ಮರವನ್ನು ಅರೆಯುತ್ತಾ ಮುಂದೆ ಸಾಗುತ್ತದೆ, ಹಿಂದೆ ಕೊರೆದ ದಾರಿಗೆ ಸುಣ್ಣದ ಪದರ ಹಚ್ಚುತ್ತಾ ಬರುತ್ತದೆ. ಮುಂದೆ ಕೊರೆತ, ಹಿಂದೆ ಗೋಡೆ. ಇಂದಿನ ಯಂತ್ರವೂ ಇದನ್ನೇ ಮಾಡುತ್ತದೆ.

ಈ ಗುರಾಣಿಯಿಂದ ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಸುಮಾರು 400 ಮೀಟರ್ ಉದ್ದದ ಸುರಂಗದ ಕೆಲಸ 1825ರಲ್ಲಿ ಆರಂಭವಾಯಿತು. ಕಬ್ಬಿಣದ 12 ಚೌಕಟ್ಟುಗಳು, ಪ್ರತಿಯೊಂದರಲ್ಲಿ ಮೂರು ಅಂತಸ್ತು, ಒಟ್ಟು 36 ಗೂಡುಗಳು. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಕಾರ್ಮಿಕ. ಎದುರಿನ ಹಲಗೆಯೊಂದನ್ನು ತೆಗೆದು, ಅಂಗೈ ಉದ್ದದಷ್ಟು ಮಣ್ಣು ಕೆತ್ತಿ, ಹಲಗೆಯನ್ನು ಮುಂದಕ್ಕೆ ಒತ್ತಿ ನಿಲ್ಲಿಸುತ್ತಿದ್ದರು. ಹಿಂದಿನಿಂದ ಇಟ್ಟಿಗೆ ಕಟ್ಟುವವರು ಬರುತ್ತಿದ್ದರು. ನದಿ ಹಲವು ಬಾರಿ ಒಳನುಗ್ಗಿತು. 1828ರ ಜನವರಿಯ ಪ್ರವಾಹದಲ್ಲಿ ಆರು ಮಂದಿ ಸತ್ತರು. ಹಣವಿಲ್ಲದೆ ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ 1843ರಲ್ಲಿ ಸುರಂಗ ತೆರೆಯಿತು. ಅದರಲ್ಲಿ ಇಂದಿಗೂ ರೈಲು ಓಡುತ್ತಿದೆ.

ಬ್ರೂನೆಲ್‌ರ ಆಯಾಕಾರದ ಗುರಾಣಿಯನ್ನು ಮುಂದೆ ಪೀಟರ್ ಬಾರ್ಲೊ ಮತ್ತು ಜೇಮ್ಸ್ ಗ್ರೇಟ್‌ಹೆಡ್ ವೃತ್ತಾಕಾರಕ್ಕೆ ತಂದರು. ವೃತ್ತವೇ ಏಕೆ? ಸುತ್ತಲಿಂದಲೂ ಒತ್ತಡ ಬೀಳುವಾಗ ಚಪ್ಪಟೆ ಗೋಡೆ ಬಾಗುತ್ತದೆ. ಬಾಗಿದಾಗ ಒಂದು ಮೈ ಹಿಗ್ಗಿ ಬಿರುಕು ಬಿಡುತ್ತದೆ. ಉಂಗುರವಾದರೋ ಸುತ್ತಲಿನ ಒತ್ತಡವನ್ನು ತನ್ನ ಮೈಯುದ್ದಕ್ಕೂ ಅದುಮುವ ಬಲವಾಗಿ ಮಾರ್ಪಡಿಸಿಕೊಳ್ಳುತ್ತದೆ. ಎರಕದ ಕಬ್ಬಿಣ, ಕಾಂಕ್ರೀಟು ಎರಡೂ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತವೆ, ಎಳೆಯುವ ಬಲಕ್ಕೆ ಬೇಗ ಸೋಲುತ್ತವೆ. ಹಳ್ಳಿಯ ಬಾವಿಗಳನ್ನು ದುಂಡಗೆ ಕಟ್ಟುತ್ತಿದ್ದವರಿಗೆ ಈ ಸತ್ಯ ಸಮೀಕರಣವಿಲ್ಲದೆಯೇ ಗೊತ್ತಿತ್ತು.

ಎರಡನೆಯ ಸಾಧನ ವಿದ್ಯುತ್ತು. 1890ರಲ್ಲಿ ಲಂಡನ್ನಿನ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ ವಿದ್ಯುತ್ ಎಂಜಿನ್ನಿನಿಂದ ಆಳದ ವೃತ್ತಾಕಾರದ ಸುರಂಗಗಳಲ್ಲಿ ಓಡಿತು. ಹೊಗೆ ಹೋಯಿತು, ಆಳದ ಮಿತಿಯೂ ಹೋಯಿತು. ಮುಂದೆ ಬುಡಾಪೆಸ್ಟ್ (1896), ಪ್ಯಾರಿಸ್ (1900), ನ್ಯೂಯಾರ್ಕ್ (1904), ಮಾಸ್ಕೊ (1935) ಇದೇ ದಾರಿ ಹಿಡಿದವು.

ಕಾವೇರಿ ನೀರಿನ ಬಲದಿಂದ ಕೋಲಾರದ ಆಳಕ್ಕೆ

ವಿದ್ಯುತ್ತು ಮನುಷ್ಯನನ್ನು ನೆಲದಡಿಗೆ ಒಯ್ದ ಕಥೆಯಲ್ಲಿ ನಮ್ಮ ನಾಡಿಗೂ ಪಾಲಿದೆ. ಚಾಮರಾಜನಗರ ಜಿಲ್ಲೆಯ ಉತ್ತರದ ಅಂಚಿನಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುವ ಶಿವನಸಮುದ್ರ ನಿಮಗೆ ಗೊತ್ತು. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಯಾವ ನಗರದ ದೀಪಕ್ಕೂ ಅಲ್ಲ, ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ.

ಕೋಲಾರದ ಗಣಿಗಳು ಕೊನೆಗೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದವು. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದು ಇಲ್ಲಿಯೇ. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ಎಷ್ಟೆಂದರೆ, ಗೋಡೆಗಳು ಒಮ್ಮೆಗೇ ಸಿಡಿಯುತ್ತಿದ್ದವು. ಈ 'ಶಿಲಾಸ್ಫೋಟ'ಗಳಲ್ಲಿ ಅನೇಕ ಗಣಿ ಕಾರ್ಮಿಕರು ಜೀವ ತೆತ್ತಿದ್ದಾರೆ. ಬಂಡೆಯ ಬಲಾಬಲಗಳನ್ನು ಅಭ್ಯಸಿಸುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೋಲಾರದ ಗಣಿಪ್ರದೇಶದಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಕಲಿತ ಪಾಠ ಉಳಿಯಿತು.

ಕೋಲ್ಕತ್ತ ಮತ್ತು ದೆಹಲಿ

ಭಾರತದ ಮೊದಲ ಭೂಗತ ರೈಲು ಕೋಲ್ಕತ್ತದ್ದು. 1972ರಲ್ಲಿ ಅಡಿಗಲ್ಲು ಬಿದ್ದು, 1984ರ ಅಕ್ಟೋಬರ್ 24ರಂದು ಎಸ್ಪ್ಲನೇಡ್‌ನಿಂದ ಭವಾನಿಪುರದವರೆಗೆ 3.4 ಕಿ.ಮೀ. ಮಾರ್ಗ ತೆರೆಯಿತು. ಕೋಲ್ಕತ್ತದ ನೆಲ ನದಿ ತಂದು ಹಾಕಿದ ಮೆದುವಾದ ಜೇಡಿ ಮತ್ತು ಮೆಕ್ಕಲು. ಹೆಚ್ಚಿನ ಭಾಗವನ್ನು ಅಗೆದು ಮುಚ್ಚುವ ವಿಧಾನದಲ್ಲೇ ಕಟ್ಟಿದರು. ವರ್ಷಗಟ್ಟಲೆ ನಗರದ ಮುಖ್ಯ ರಸ್ತೆಗಳು ಬಾಯ್ದೆರೆದು ಬಿದ್ದಿದ್ದವು. ಪೂರ್ತಿ ಮಾರ್ಗ ಮುಗಿದದ್ದು 1995ರಲ್ಲಿ. 2024ರಲ್ಲಿ ಅದೇ ನಗರದಲ್ಲಿ ಹೂಗ್ಲಿ ನದಿಯ ಅಡಿಯಲ್ಲಿ ರೈಲು ಓಡತೊಡಗಿತು.

ದೆಹಲಿಯ ಮೆಟ್ರೊ 2002ರಲ್ಲಿ ಆರಂಭವಾಯಿತು. ಅದರ ನೆಲದಡಿಯ ಮೊದಲ ಭಾಗ 2004ರ ಡಿಸೆಂಬರ್‌ನಲ್ಲಿ ತೆರೆಯಿತು. 2005ರಲ್ಲಿ ಹಳೆಯ ದೆಹಲಿಯ ಇಕ್ಕಟ್ಟಾದ ಗಲ್ಲಿಗಳ ಅಡಿಯಲ್ಲಿ ಚಾವ್ಡಿ ಬಜಾರ್ ನಿಲ್ದಾಣ ಬಂದಿತು. ಕಂದಕ ತೋಡಲು ರಸ್ತೆಯೇ ಇಲ್ಲದ ಹಳೆಯ ಪೇಟೆಯ ಕೆಳಗೂ ಯಂತ್ರದಿಂದ ಸುರಂಗ ಕೊರೆಯಬಹುದೆಂದು ಅದು ತೋರಿಸಿತು. ಬೆಂಗಳೂರಿನ ಸಮಸ್ಯೆಯೂ ಅದೇ ಆಗಿತ್ತು.

ಎರಡು ಪೇಟೆಗಳು, ಒಬ್ಬ ದೊರೆ

ಬೆಂಗಳೂರಿನ ಪೇಟೆಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರು. ಚಿಕ್ಕಪೇಟೆ ಮತ್ತು ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ) ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ನೇಗಿಲ ಗೆರೆ ಎಳೆದು ಬೀದಿಗಳನ್ನು ಗುರುತಿಸಿದರೆಂದು ಐತಿಹ್ಯ. ಎತ್ತಿನಗಾಡಿಯ ಅಳತೆಗೆ ಹುಟ್ಟಿದ ಆ ಬೀದಿಗಳು ಇಂದಿಗೂ ಹೆಚ್ಚೇನೂ ಅಗಲವಾಗಿಲ್ಲ.

ಈಗ ಗುಂಡ್ಲುಪೇಟೆಗೆ ಬನ್ನಿ. ಈ ಊರಿನ ಹಳೆಯ ಹೆಸರು ವಿಜಯಪುರ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ಇಲ್ಲಿ ಕೋಟೆ ಕಟ್ಟಿಸಿ ಪೇಟೆ ಬೆಳೆಸಿದರು. ತಮ್ಮ ತಂದೆಯ ನೆನಪಿಗೆ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. ಅದೇ ದೊರೆ 17ನೆಯ ಶತಮಾನದ ಕೊನೆಯಲ್ಲಿ ಮೊಗಲ್ ಸೇನಾಪತಿ ಕಾಸಿಂಖಾನನಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದುಕೊಂಡರು. ಪೇಟೆಯ ದಕ್ಷಿಣದ ಕೋಟೆಯೊಳಗಿನ ವೆಂಕಟರಮಣ ದೇವಸ್ಥಾನವೂ ಅವರ ಕಾಲದ್ದೇ. ಇಂದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣದಿಂದ ಹೊರಬಂದರೆ ಆ ದೇವಸ್ಥಾನ ಕೂಗಳತೆಯಲ್ಲಿದೆ. ಗುಂಡ್ಲುಪೇಟೆಯವರು ಅಲ್ಲಿ ಇಳಿದಾಗ ತಮ್ಮ ಊರಿನ ಇತಿಹಾಸದ ಇನ್ನೊಂದು ತುದಿಯನ್ನು ಮುಟ್ಟಿದಂತೆ.

ಈ ಜಾಗದ ನೆಲದ ಇತಿಹಾಸವೂ ಮುಖ್ಯ. 1928ರಲ್ಲಿ ಮಾರುಕಟ್ಟೆ ಕಟ್ಟಿದ ಸ್ಥಳದಲ್ಲಿ ಮೊದಲು ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಕಟ್ಟುವುದು ತಗ್ಗಿನಲ್ಲಿ, ಸುತ್ತಲಿನ ನೀರು ಇಳಿದು ಬರುವ ಕಡೆ. ಕೆರೆ ಮುಚ್ಚಿದರೂ ನೀರು ತನ್ನ ದಾರಿ ಮರೆಯುವುದಿಲ್ಲ. ಹಳೆಯ ಕೆರೆಗಳ ನೆರೆಯಲ್ಲಿ ನಿಲ್ದಾಣ ಕಟ್ಟುವ ಎಂಜಿನಿಯರು ಮೊದಲು ಎದುರಿಸಬೇಕಾದದ್ದು ಈ ನೀರನ್ನೇ.

'ನಮ್ಮ ಮೆಟ್ರೊ'ಗೆ ಅಡಿಗಲ್ಲು ಹಾಕಿದ್ದು 2006ರ ಜೂನ್ 24ರಂದು. ಮೊದಲ ಹಂತದ 42.3 ಕಿ.ಮೀ. ಮಾರ್ಗದಲ್ಲಿ ನೆಲದಡಿಯದು ಸುಮಾರು 8.8 ಕಿ.ಮೀ.; 40 ನಿಲ್ದಾಣಗಳಲ್ಲಿ ಏಳು ಮಾತ್ರ ನೆಲದಡಿಯವು. ಕಂಬಗಳ ಮೇಲಿನ ಮೊದಲ ಭಾಗ 2011ರ ಅಕ್ಟೋಬರ್ 20ರಂದು ತೆರೆಯಿತು. ನೆಲದಡಿಯ ಪೂರ್ವ-ಪಶ್ಚಿಮ ಭಾಗ 2016ರ ಏಪ್ರಿಲ್ ಕೊನೆಯಲ್ಲಿ ತೆರೆದು, ದಕ್ಷಿಣ ಭಾರತದ ಮೊದಲ ಭೂಗತ ಮೆಟ್ರೊ ಎನಿಸಿತು. ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳು 2017ರ ಜೂನ್‌ನಲ್ಲಿ ತೆರೆದವು. ಐದನೆಯ ಒಂದು ಭಾಗದಷ್ಟಿದ್ದ ನೆಲದಡಿಯ ಕೆಲಸ ಏಕೆ ಇಷ್ಟು ತಡವಾಯಿತು? ಉತ್ತರ ಬೆಂಗಳೂರಿನ ಕಲ್ಲಿನಲ್ಲಿದೆ.

ಕಲ್ಲಿನ ಕಥೆ

ಲಾಲ್‌ಬಾಗಿನ ಬಂಡೆಯನ್ನು ನೀವು ನೋಡಿರಬಹುದು. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಇದಕ್ಕೆ 1916ರಲ್ಲಿ 'ಪೆನಿನ್ಸುಲಾರ್ ನೈಸ್' ಎಂದು ಹೆಸರಿಟ್ಟರು. ಬೆಂಗಳೂರಿನ ಅಡಿಪಾಯ ಇದೇ. ಮೈಸೂರು, ಚಾಮರಾಜನಗರಗಳ ಬಯಲಿನ ಬಹುಭಾಗದ ಕೆಳಗೂ ಇದೇ ಬಂಧುಬಳಗ.

ದಕ್ಷಿಣಕ್ಕೆ ಬಂದಂತೆ ಇನ್ನೊಂದು ವಿಸ್ಮಯವಿದೆ. ನಮ್ಮ ಭೂಭಾಗ ಯುಗಯುಗಗಳ ಹಿಂದೆ ಸ್ವಲ್ಪ ಓರೆಯಾಗಿ ಮೇಲೆದ್ದು ಸವೆದಿದೆ. ಆದ್ದರಿಂದ ಉತ್ತರದಿಂದ ದಕ್ಷಿಣಕ್ಕೆ ನಡೆದಂತೆ ಹೆಚ್ಚು ಹೆಚ್ಚು ಆಳದಲ್ಲಿ ರೂಪುಗೊಂಡ ಶಿಲೆಗಳು ಕಾಣಸಿಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಚಾರ್ನಾಕೈಟ್ ಶಿಲೆ ಸುಮಾರು 20ರಿಂದ 25 ಕಿ.ಮೀ. ಆಳದ ಶಾಖ, ಒತ್ತಡಗಳಲ್ಲಿ ಪಕ್ವವಾದದ್ದು. ಬೆಂಗಳೂರಿನವರು ಸುಮಾರು 20 ಮೀಟರ್ ಇಳಿಯಲು ವರ್ಷಗಟ್ಟಲೆ ಹೆಣಗಿದರು. ನೀವು ಬಿಳಿಗಿರಿಯ ಮೇಲೆ ನಿಂತರೆ ಹಿಂದೊಮ್ಮೆ 20 ಕಿ.ಮೀ. ಆಳದಲ್ಲಿದ್ದ ಕಲ್ಲಿನ ಮೇಲೆ ನಿಂತಿರುತ್ತೀರಿ! ಈ ಶಿಲೆಗೆ ಹೆಸರು ಬಂದದ್ದು ಕೋಲ್ಕತ್ತದ ಇತಿಹಾಸದಲ್ಲಿ ಹೆಸರಾದ ಜಾಬ್ ಚಾರ್ನಾಕ್‌ನ ಸಮಾಧಿಯ ಕಲ್ಲಿನಿಂದ. ಚಾಮರಾಜನಗರಕ್ಕೆ ಹೆಸರು ತಂದ ಕರಿಕಲ್ಲು ಇನ್ನೊಂದು ಜಾತಿಯದು. ಹಳೆಯ ಶಿಲೆಯ ಸೀಳುಗಳಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಡಾಲರೈಟ್ ಗೋಡೆಗಳು ಅವು.

ಗಟ್ಟಿ ಕಲ್ಲು ಸುರಂಗಕ್ಕೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಪೂರ್ತಿ ಕಲ್ಲಾದರೆ ಒಳ್ಳೆಯದು, ಪೂರ್ತಿ ಮಣ್ಣಾದರೂ ಸರಿ. ತೊಂದರೆ ಇರುವುದು ಎರಡೂ ಬೆರೆತಾಗ. ನೈಸ್ ಶಿಲೆ ಬಿರುಕುಗಳ ಉದ್ದಕ್ಕೂ ನೀರು ಇಳಿದು ಶಿಥಿಲವಾಗುತ್ತದೆ. ಬಿರುಕು ಹೆಚ್ಚಿದ ಕಡೆ ಹತ್ತಾರು ಮೀಟರ್ ಮಣ್ಣು, ಪಕ್ಕದಲ್ಲೇ ಗಟ್ಟಿ ಬಂಡೆ, ನಡುವೆ ಮಣ್ಣಿನಲ್ಲಿ ಹುದುಗಿದ ದುಂಡು ಗುಂಡುಗಳು. ಬೋರ್‌ವೆಲ್ ಕೊರೆಸಿದ ಯಾವ ರೈತರನ್ನಾದರೂ ಕೇಳಿ. ಒಂದು ಹೊಲದಲ್ಲಿ 30 ಅಡಿಗೆ ಕಲ್ಲು, ನೆರೆಹೊಲದಲ್ಲಿ 100 ಅಡಿಯಾದರೂ ಮಣ್ಣು ಎನ್ನುತ್ತಾರೆ.

ಈಗ ಸುರಂಗ ಕೊರೆಯುವ ಯಂತ್ರದ ಕಷ್ಟ ಯೋಚಿಸಿ. ಅದರ ಮುಖ ಆರು ಮೀಟರಿಗೂ ಹೆಚ್ಚು ವ್ಯಾಸದ ತಿರುಗುವ ಚಕ್ರ. ಅದರಲ್ಲಿ ಉಕ್ಕಿನ ಬಿಲ್ಲೆಗಳಿವೆ. ಅವು ಬಂಡೆಯನ್ನು ಕತ್ತಿಯಂತೆ ಕೊಯ್ಯುವುದಿಲ್ಲ. ಭಾರಿ ಬಲದಿಂದ ಒತ್ತಿ ಉರುಳುತ್ತವೆ. ಬಂಡೆ ಅದುಮುವ ಬಲವನ್ನು ತಾಳಿದಷ್ಟು ಎಳೆಯುವ ಬಲವನ್ನು ತಾಳದು. ಎರಡನೆಯದು ಮೊದಲಿನದರ ಸುಮಾರು ಹತ್ತನೆಯ ಒಂದು ಪಾಲು. ಬಿಲ್ಲೆ ಒತ್ತಿದಾಗ ಪಕ್ಕಕ್ಕೆ ಬಿರುಕು ಹರಿದು, ಎರಡು ಗೆರೆಗಳ ನಡುವಿನ ಕಲ್ಲು ಚಕ್ಕೆಯಾಗಿ ಏಳುತ್ತದೆ. ಮುಖದ ಕೆಳಭಾಗ ಬಂಡೆ, ಮೇಲ್ಭಾಗ ಮಣ್ಣಾದರೆ ಬಿಲ್ಲೆಗಳು ಪ್ರತಿ ಸುತ್ತಿನಲ್ಲೂ ಮಣ್ಣಿನಿಂದ ಬಂಡೆಗೆ ಬಡಿಯುತ್ತವೆ, ಮುರಿಯುತ್ತವೆ. ಬಂಡೆಯನ್ನು ಕೊರೆಯಲು ಯಂತ್ರ ನಿಧಾನಿಸಿದಾಗ ಮೇಲಿನ ಸಡಿಲ ಮಣ್ಣು ಬೇಕಾದುದಕ್ಕಿಂತ ಹೆಚ್ಚು ಒಳಬರುತ್ತದೆ. ಆಗ ಮೇಲೆ ಪೊಳ್ಳು ಉಂಟಾಗುತ್ತದೆ. ಆ ಪೊಳ್ಳಿನ ಮೇಲೆ ರಸ್ತೆಯಿದೆ, ಮನೆಯಿದೆ.

ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ ಎಂದು ಹೆಸರಿಟ್ಟಿದ್ದ ಮೊದಲ ಹಂತದ ಯಂತ್ರಗಳು ಹೀಗೆ ಮುರಿದು ತಿಂಗಳುಗಟ್ಟಲೆ ನಿಂತ ಸಂದರ್ಭಗಳಿವೆ. ಎರಡನೆಯ ಹಂತದ ಕಾಳೇನ ಅಗ್ರಹಾರ-ನಾಗವಾರ ಮಾರ್ಗದಲ್ಲಿ ನೆಲದಡಿಯ ಭಾಗವೇ 13 ಕಿ.ಮೀ.ಗೂ ಹೆಚ್ಚು. ಅಲ್ಲಿ ಒಂಬತ್ತು ಯಂತ್ರಗಳು ದುಡಿದು, ಕೊನೆಯ ಯಂತ್ರ ಭದ್ರಾ 2024ರ ಅಕ್ಟೋಬರ್‌ನಲ್ಲಿ ನಾಗವಾರದಲ್ಲಿ ಹೊರಬಂದಿತು. ಆ ನಡುವೆ, 2023ರ ಜನವರಿಯಲ್ಲಿ, ಕೆಳಗೆ ಸುರಂಗ ಸಾಗುತ್ತಿದ್ದ ಬ್ರಿಗೇಡ್ ರಸ್ತೆಯಲ್ಲಿ ನೆಲ ಕುಸಿದು ಬೈಕ್ ಸವಾರರೊಬ್ಬರು ಗಾಯಗೊಂಡರು. ಹಳೆಯ ಬಾವಿಯೊಂದು ಇದಕ್ಕೆ ಕಾರಣವೆಂಬ ವಿವರಣೆ ಬಂದಿತು. ಯಾರೋ ತೋಡಿ, ಯಾರೋ ಮುಚ್ಚಿ, ಎಲ್ಲರೂ ಮರೆತ ಬಾವಿ!

ನಿಲ್ದಾಣವೆಂಬ ಮುಳುಗಿದ ಪೆಟ್ಟಿಗೆ

ಸುರಂಗವನ್ನು ಯಂತ್ರ ಕೊರೆಯುತ್ತದೆ. ನಿಲ್ದಾಣವನ್ನು ಇಂದಿಗೂ ಸಾಮಾನ್ಯವಾಗಿ ಮೇಲಿನಿಂದಲೇ ಅಗೆಯುತ್ತಾರೆ. ಆದ್ದರಿಂದ ಪೇಟೆಯ ಕೆಳಗಿನ ಮಾರ್ಗ ಬೀದಿಗಳನ್ನು ಉಳಿಸಿದರೂ ನಿಲ್ದಾಣದ ಜಾಗದಲ್ಲಿ ಅಂಗಡಿ ಮನೆಗಳು ಹೋಗಲೇಬೇಕಾಯಿತು. ಗಟ್ಟಿ ಬಂಡೆ ಬಂದ ಕಡೆ ಸ್ಫೋಟಿಸಬೇಕು, ಅದೂ ಹಳೆಯ ಕಟ್ಟಡಗಳ ಮಗ್ಗುಲಲ್ಲಿ. ಇದಕ್ಕೊಂದು ಉಪಾಯವಿದೆ. ಎಲ್ಲ ಮದ್ದನ್ನೂ ಒಟ್ಟಿಗೆ ಸಿಡಿಸದೆ, ರಂಧ್ರದಿಂದ ರಂಧ್ರಕ್ಕೆ ಕೆಲವು ಮಿಲಿಸೆಕೆಂಡುಗಳ ಅಂತರ ಕೊಡುತ್ತಾರೆ. ಸಿಡಿತದ ಅಲೆಗಳು ಒಂದರ ಮೇಲೊಂದು ಕೂಡಿ ದೊಡ್ಡದಾಗುವುದಿಲ್ಲ. ಅಲೆಗಳ ವ್ಯತಿಕರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಇನ್ನು ನೀರು. ಒಂದು ಲೆಕ್ಕ ಮಾಡೋಣ. ನಿಲ್ದಾಣದ ಪೆಟ್ಟಿಗೆ 200 ಮೀಟರ್ ಉದ್ದ, 20 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅದರ ತಳ ಅಂತರ್ಜಲದ ಮಟ್ಟಕ್ಕಿಂತ 13 ಮೀಟರ್ ಕೆಳಗಿರಲಿ. ಅದು ಪಲ್ಲಟಗೊಳಿಸುವ ನೀರು 200 × 20 × 13 = 52,000 ಘನ ಮೀಟರ್. ಆರ್ಕಿಮಿಡೀಸರ ತತ್ತ್ವದಂತೆ ಅದನ್ನು ಮೇಲಕ್ಕೆ ಒತ್ತುವ ಬಲ 52,000 ಟನ್ ತೂಕಕ್ಕೆ ಸಮ. ಅಂದರೆ ಒಳಗೆ ಟೊಳ್ಳಾಗಿರುವ ನಿಲ್ದಾಣ ಹಡಗಿನಂತೆ ತೇಲಲು ಹವಣಿಸುತ್ತಿರುತ್ತದೆ! ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2.5 ಟನ್. ಬರಿಯ ತೂಕದಿಂದಲೇ ಹಿಡಿದಿಡಬೇಕಾದರೆ 20,000 ಘನ ಮೀಟರಿಗೂ ಹೆಚ್ಚು ಕಾಂಕ್ರೀಟು ಬೇಕು. ದಪ್ಪ ತಳ, ಮೇಲೆ ಹೊದಿಸಿದ ಮಣ್ಣು, ಪಕ್ಕದ ಗೋಡೆಗಳ ಘರ್ಷಣೆ ಎಲ್ಲ ಸೇರಿ ಇದನ್ನು ನಿರ್ವಹಿಸುತ್ತವೆ. ನಿಲ್ದಾಣದ ತಳ ಹೊರಗಿನ ಭಾರ ಹೊರುವುದಕ್ಕಷ್ಟೇ ಅಲ್ಲ, ನಿಲ್ದಾಣವನ್ನು ಮುಳುಗಿಸಿಡುವುದಕ್ಕೂ ಬೇಕು.

ಶಾಖ, ಗಾಳಿ, ಬೆಂಕಿ

ರೈಲು ಕಾಣಿಸುವ ಮೊದಲೇ ನಿಲ್ದಾಣದಲ್ಲಿ ಗಾಳಿ ಬೀಸುವುದನ್ನು ಗಮನಿಸಿ. ಸುರಂಗದಲ್ಲಿ ರೈಲು ಸೈಕಲ್ ಪಂಪಿನ ಕೊಂತದಂತೆ ಗಾಳಿಯನ್ನು ಮುಂದೆ ತಳ್ಳುತ್ತದೆ. ಇನ್ನು ಶಾಖ: 300 ಟನ್ ತೂಕದ ರೈಲು ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 6 ಕೋಟಿ ಜೌಲ್, ಸುಮಾರು 17 ಯೂನಿಟ್ ವಿದ್ಯುತ್ತಿಗೆ ಸಮ. ಬ್ರೇಕ್ ಹಾಕಿದಾಗ ಇದೆಲ್ಲ ಶಾಖವಾದರೆ ನಿಲ್ದಾಣ ಒಲೆಯಾಗುತ್ತದೆ. ಈಗಿನ ರೈಲುಗಳಲ್ಲಿ ಮೋಟಾರನ್ನೇ ಜನರೇಟರಿನಂತೆ ತಿರುಗಿಸಿ ಶಕ್ತಿಯ ಒಂದು ಪಾಲನ್ನು ಮತ್ತೆ ವಿದ್ಯುತ್ತಾಗಿಸುತ್ತಾರೆ. 1900ರಲ್ಲಿ ಲಂಡನ್ನಿನ ಒಂದು ಮಾರ್ಗದಲ್ಲಿ ಇನ್ನೂ ಸರಳ ಉಪಾಯ ಮಾಡಿದ್ದರು: ನಿಲ್ದಾಣಗಳನ್ನು ಸುರಂಗಕ್ಕಿಂತ ತುಸು ಎತ್ತರದಲ್ಲಿಟ್ಟರು. ಬರುವ ರೈಲು ಏರುತ್ತಾ ತಾನಾಗಿ ನಿಧಾನಿಸುತ್ತದೆ, ಹೊರಡುವಾಗ ಇಳಿಯುತ್ತಾ ವೇಗ ಪಡೆಯುತ್ತದೆ. 3 ಮೀಟರ್ ಇಳಿದರೆ ಎಷ್ಟು ವೇಗ ಬಂದೀತು? ಘರ್ಷಣೆ ಬಿಟ್ಟು ಲೆಕ್ಕ ಮಾಡಿ. ಗಂಟೆಗೆ ಸುಮಾರು 28 ಕಿ.ಮೀ. ಬರುತ್ತದೆ.

ಆದರೆ ನೆಲದಡಿಯ ಗಾಳಿಯ ಕಠೋರ ಪಾಠ ಕಲಿಸಿದ್ದು 1987ರ ನವೆಂಬರ್ 18. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಮರದ ಎಸ್ಕಲೇಟರಿನ ಕೆಳಗೆ ಸಣ್ಣ ಬೆಂಕಿ ಹತ್ತಿತು. ಅದು ಇದ್ದಕ್ಕಿದ್ದಂತೆ ಟಿಕೆಟ್ ಹಜಾರಕ್ಕೆ ಚಿಮ್ಮಿ 31 ಜನ ಸತ್ತರು. ತನಿಖೆಯಲ್ಲಿ ಕಂಪ್ಯೂಟರ್ ಲೆಕ್ಕವೂ ಮಾದರಿ ಪ್ರಯೋಗವೂ ಒಂದು ವಿಚಿತ್ರವನ್ನು ತೋರಿಸಿದವು. ಇಳಿಜಾರಾದ ಕಂದಕದಲ್ಲಿ ಜ್ವಾಲೆ ನೇರ ಮೇಲೇಳದೆ ನೆಲಕ್ಕೆ ಒರಗಿ ಹರಿಯುತ್ತದೆ, ಮುಂದಿನ ಮೆಟ್ಟಿಲುಗಳನ್ನು ಮೊದಲೇ ಕಾಯಿಸುತ್ತದೆ. ಇದಕ್ಕೆ 'ಕಂದಕ ಪರಿಣಾಮ' ಎಂದು ಹೆಸರಾಯಿತು. ಆಮೇಲೆ ಅಲ್ಲಿನ ನೆಲದಡಿಯ ನಿಲ್ದಾಣಗಳಿಂದ ಮರದ ಎಸ್ಕಲೇಟರುಗಳು ಹೋದವು, ಧೂಮಪಾನ ನಿಂತಿತು. ಇಂದು ಸುರಂಗಗಳ ದೊಡ್ಡ ಫ್ಯಾನುಗಳು ತಂಪಿಗೆ ಮಾತ್ರವಲ್ಲ. ಬೆಂಕಿ ಬಿದ್ದಾಗ ಹೊಗೆಯನ್ನು ಒಂದು ಕಡೆಗೆ ತಳ್ಳಿ, ಜನ ಇನ್ನೊಂದು ಕಡೆಗೆ ಓಡಲು ದಾರಿ ಮಾಡುವುದು ಅವುಗಳ ಮುಖ್ಯ ಕೆಲಸ.

ನಮಗೆ ಇದರಿಂದೇನು?

ಚಾಮರಾಜನಗರಕ್ಕಾಗಲಿ ಗುಂಡ್ಲುಪೇಟೆಗಾಗಲಿ ಭೂಗತ ಮೆಟ್ರೊ ಬೇಕಿಲ್ಲ. ಆದರೆ ಸುರಂಗದ ಪ್ರಶ್ನೆ ಈ ಊರುಗಳ ನೆರೆಗೆ ಬಂದಿದೆ. ಬಂಡೀಪುರದಲ್ಲಿ ರಾತ್ರಿ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಅಂದಿನಿಂದ ಕೇರಳದ ಕಡೆಗೆ ಬದಲಿ ದಾರಿಗಳ ಮಾತು ಎದ್ದಾಗಲೆಲ್ಲ ಕಾಡಿನ ಅಡಿಯಲ್ಲಿ ಹೋಗಬಾರದೇಕೆ ಎಂಬ ಪ್ರಶ್ನೆಯೂ ಏಳುತ್ತದೆ. ಕೋಯಿಕ್ಕೋಡಿನ ಕಡೆಯಿಂದ ವಯನಾಡಿನ ಮೇಪ್ಪಾಡಿಗೆ 8 ಕಿ.ಮೀ.ಗೂ ಉದ್ದದ ಅವಳಿ ಸುರಂಗ ರಸ್ತೆಯ ಕೆಲಸಕ್ಕೆ 2025ರಲ್ಲಿ ಚಾಲನೆ ದೊರೆಯಿತು. 2024ರ ಜುಲೈ 30ರಂದು ಭೀಕರ ಭೂಕುಸಿತ ಸಂಭವಿಸಿದ್ದು ಆ ಮೇಪ್ಪಾಡಿಯ ಸಮೀಪದಲ್ಲೇ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಪ್ರಸ್ತಾಪ ಬಂದಾಗ, ಲಾಲ್‌ಬಾಗಿನ ಬಂಡೆಗೆ ಏನಾಗುತ್ತದೆಂದು 2025ರಲ್ಲಿ ಜನ ಕೇಳಿದರು.

ಇಂಥ ಚರ್ಚೆಗಳಲ್ಲಿ 'ಬೇಕು', 'ಬೇಡ' ಎಂಬ ಎರಡೇ ಕೂಗು ಕೇಳುತ್ತದೆ. ವಿಜ್ಞಾನ ಓದಿದವರು ಬೇರೆ ಪ್ರಶ್ನೆಗಳನ್ನು ಕೇಳಬೇಕು. ಅಡಿಯಲ್ಲಿರುವುದು ಬಂಡೆಯೇ, ಮಣ್ಣೇ, ಎರಡರ ಮಿಶ್ರಣವೇ? ಎಷ್ಟು ಕಡೆ ಕೊರೆದು ನೋಡಿದ್ದಾರೆ? ಅಂತರ್ಜಲ ಎಲ್ಲಿದೆ, ಕೆಲಸದ ಸಮಯದಲ್ಲಿ ಹೊರಹಾಕುವ ನೀರಿನಿಂದ ಯಾರ ಬಾವಿ ಬತ್ತುತ್ತದೆ? ಅಗೆದ ಮಣ್ಣು, ಕಲ್ಲು ಎಲ್ಲಿಗೆ ಹೋಗುತ್ತದೆ? ಬೆಂಕಿ ಬಿದ್ದರೆ ಹೊಗೆ ಎತ್ತ ಸಾಗುತ್ತದೆ? ಮೇಲೆ ಮನೆ, ಅಂಗಡಿ ಕಳೆದುಕೊಳ್ಳುವವರು ಯಾರು? ಮೇಲೆ ಹೇಳಿದ ಇತಿಹಾಸದಲ್ಲಿ ಈ ಒಂದೊಂದು ಪ್ರಶ್ನೆಗೂ ಯಾರೋ ಬೆಲೆ ತೆತ್ತಿದ್ದಾರೆ.

ಅಧ್ಯಾಪಕರಿಗೆ ಒಂದು ಸಲಹೆ. ನಿಮ್ಮ ಊರಿನ ನಕ್ಷೆಯೊಂದನ್ನು ತರಗತಿಯಲ್ಲಿ ಹರಡಿ. ಮುಚ್ಚಿಹೋದ ಬಾವಿ, ಕಟ್ಟೆ, ಕೆರೆಗಳನ್ನು ಹಿರಿಯರಿಂದ ಕೇಳಿ ತಿಳಿದು ವಿದ್ಯಾರ್ಥಿಗಳು ಗುರುತಿಸಲಿ. ಬೋರ್‌ವೆಲ್ ಕೊರೆಸಿದವರಿಂದ ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಎಷ್ಟಕ್ಕೆ ನೀರು ಬಂದಿತು ಎಂದು ಬರೆದುಕೊಳ್ಳಲಿ. ಇಪ್ಪತ್ತು ಬಾವಿಗಳ ಅಂಕಿ ಸಿಕ್ಕರೂ ನೆಲದಡಿಯ ಒಂದು ಚಿತ್ರ ಮೂಡುತ್ತದೆ. ಅದನ್ನು ಶಾಲೆಯಲ್ಲೇ ಕಾದಿಡಿ. ಬ್ರಿಗೇಡ್ ರಸ್ತೆಯ ಅಡಿಯ ಬಾವಿಯನ್ನು ಹಿಂದೆ ಯಾರಾದರೂ ಹೀಗೆ ಬರೆದಿಟ್ಟಿದ್ದರೆ, ಅದು ಯಂತ್ರಕ್ಕೆ ಸಿಗುವ ಮೊದಲು ಎಂಜಿನಿಯರಿಗೆ ಸಿಗುತ್ತಿತ್ತು.